ರಿಮೋಟ್ ಅತ್ತೆ ಕೈಲಿ, ಸ್ವಭಾವ ಸೊಸೆಯದ್ದೇ?

ದಸರಾ ಹತ್ತಿರವಾಗುತ್ತಿದ್ದಂತೆ ಕನ್ನಡದ ಮನರಂಜನಾ ವಾಹಿನಿಗಳಲ್ಲಿ ಹೊಸ ಧಾರಾವಾಹಿಗಳ ಪ್ರೋಮೊಗಳು ಸಾಲುಗಟ್ಟುತ್ತವೆ. ಬಿಗ್ ಬಾಸ್ ಮನೆಯ ಬಾಗಿಲೂ ಈಚೆಗೆ ಅದೇ ಹೊತ್ತಿಗೆ ತೆರೆಯುತ್ತಿದೆ: ಹತ್ತನೇ ಆವೃತ್ತಿ 2023ರ ಅಕ್ಟೋಬರ್ 8ಕ್ಕೆ, ಹನ್ನೊಂದನೆಯದು 2024ರ ಸೆಪ್ಟೆಂಬರ್ 29ಕ್ಕೆ, ಹನ್ನೆರಡನೆಯದು 2025ರ ಸೆಪ್ಟೆಂಬರ್ 28ಕ್ಕೆ. ಇವುಗಳ ಬೆನ್ನಿಗೇ ಮೊಬೈಲಿನಲ್ಲಿ ಇನ್ನೊಂದು ಸರಕು ಓಡಾಡತೊಡಗುತ್ತದೆ. ‘ನಿಮ್ಮ ಸ್ವಭಾವಕ್ಕೆ ಹೊಂದುವ ಷೋ ಯಾವುದು?’, ‘ನೀವು ನೋಡುವ ಸೀರಿಯಲ್ ಹೇಳಿ, ನೀವು ಎಂಥವರೆಂದು ನಾವು ಹೇಳುತ್ತೇವೆ.’ ಈ ಪ್ರಶ್ನೋತ್ತರದ ಆಟದ ಮೂಲ ಅಮೆರಿಕದ ಕಡೆಯದು. ಅಲ್ಲಿ ಸೆಪ್ಟೆಂಬರ್ ಬಂತೆಂದರೆ ಹೊಸ ಕಾರ್ಯಕ್ರಮಗಳು ಗುಂಪಾಗಿ ಶುರುವಾಗುತ್ತವೆ. ಯಾವುದನ್ನು ನೋಡುವುದು ಎಂಬ ಗೊಂದಲಕ್ಕೆ ಪತ್ರಿಕೆಗಳು ಹೀಗೆ ದಾರಿ ತೋರಿಸುತ್ತವೆ. ನಮ್ಮ ಧಾರಾವಾಹಿಗಳಿಗೆ ಋತುಮಾನವಿಲ್ಲ, ಟಿಆರ್‌ಪಿ ಬರುವಷ್ಟು ದಿನ ವರ್ಷಗಟ್ಟಲೆ ಎಳೆಯುತ್ತವೆ. ಆದರೂ ಆಟ ಇಲ್ಲಿಗೂ ಬಂದಿದೆ, ಜೊತೆಯಲ್ಲಿ ಒಂದು ನಂಬಿಕೆಯನ್ನೂ ತಂದಿದೆ: ನೋಡುವ ಕಾರ್ಯಕ್ರಮ ನೋಡುವವರ ಗುಣದ ಕನ್ನಡಿ ಎಂಬುದು. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಸಂಜೆಗಳನ್ನು ಎದುರಿಗಿಟ್ಟುಕೊಂಡು ಈ ನಂಬಿಕೆಯನ್ನು ಪರೀಕ್ಷಿಸಿದರೆ ಅದು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಈ ನಂಬಿಕೆ ಒಂದು ಸಂಗತಿಯನ್ನು ಸುಮ್ಮನೆ ಒಪ್ಪಿಕೊಂಡುಬಿಡುತ್ತದೆ: ನೋಡುವವರು ತಾವೇ ಆರಿಸಿಕೊಂಡು ನೋಡುತ್ತಾರೆ ಎಂದು. ಮನೆಗೊಂದು ಟಿವಿ, ನಡುಮನೆಯಲ್ಲಿ ನಾಲ್ಕಾರು ಜನ ಇರುವಲ್ಲಿ ಆಯ್ಕೆ ಯಾರದು? ‘ಅತ್ತೆ ಹಾಕಿದ್ದ ನೋಡದು, ಇನ್ನೇನ್ ಮಾಡದು’ ಎನ್ನುವ ಸೊಸೆಯ ಗುಣವನ್ನು ಆ ಧಾರಾವಾಹಿಯಿಂದ ಅಳೆಯುವುದು ಹೇಗೆ? ರಿಮೋಟಿಗಿಂತ ಮೊದಲೇ ಕೆಲಸ ತೀರ್ಮಾನ ಮಾಡಿರುತ್ತದೆ. ಗೆಜ್ಜಲಗೆರೆಯ ಹಾಲು ಒಕ್ಕೂಟ ಮನ್‌ಮುಲ್‌ಗೆ ಹಾಲು ಕಳಿಸುವ ಹಳ್ಳಿಗಳಲ್ಲಿ ಸಂಜೆ ಹಸು ಕರೆದು, ಡೇರಿಗೆ ಹಾಲು ಹಾಕಿ ಬಂದ ಮೇಲಷ್ಟೇ ಟಿವಿ. ಅದಕ್ಕೆ ಮುಂಚಿನ ಧಾರಾವಾಹಿ ಎಷ್ಟೇ ಇಷ್ಟವಿದ್ದರೂ ಸಿಗದು. ಮದ್ದೂರು, ಮಳವಳ್ಳಿ ಕಡೆಯ ರೇಷ್ಮೆ ಸಾಕಣೆ ಮನೆಗಳನ್ನೇ ನೋಡಿ. ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗುವವರೆಗಿನ ಸುಮಾರು ಒಂದು ವಾರದಲ್ಲಿ, ತನ್ನ ಜೀವಮಾನದ ಶೇ 80ಕ್ಕೂ ಹೆಚ್ಚು ಸೊಪ್ಪನ್ನು ತಿಂದು ಮುಗಿಸುತ್ತದೆ. ರಾತ್ರಿ ಊಟದ ಹೊತ್ತಿಗೂ ಸೊಪ್ಪು ಹಾಕಬೇಕು, ಕಸ ತೆಗೆಯಬೇಕು. ಆ ವಾರ ಆ ಮನೆಯ ಹೆಂಗಸು ಎಂಟು ಗಂಟೆಯ ಧಾರಾವಾಹಿ ಬಿಟ್ಟು ತಡರಾತ್ರಿಯ ಮರುಪ್ರಸಾರ ನೋಡುತ್ತಾಳೆ, ಇಲ್ಲವೇ ಕಣ್ಣಿಗೆ ಬಿದ್ದ ಯಾವುದೋ ಹಳೇ ಸಿನಿಮಾದ ಮುಂದೆ ಕೂತು ತೂಕಡಿಸುತ್ತಾಳೆ. ಗೂಡು ಕಟ್ಟಲು ಚಂದ್ರಿಕೆಗೆ ಹುಳು ಬಿಟ್ಟ ಮೇಲೆ ಮತ್ತೆ ಹಳೆಯ ಧಾರಾವಾಹಿ. ವಾರದಲ್ಲಿ ಆಕೆಯ ಸ್ವಭಾವವೇನೂ ಬದಲಾಗಿಲ್ಲ. ಇದರ ಮೇಲೆ ಕೇಬಲ್‌ನವರ ಪ್ಯಾಕು ಬೇರೆ. 2019ರ ಫೆಬ್ರುವರಿಯಿಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದಂತೆ ಪ್ರೇಕ್ಷಕರು ಬೇಕಾದ ವಾಹಿನಿಯನ್ನಷ್ಟೇ ಕೊಳ್ಳಬಹುದು. ಹಳ್ಳಿಯ ಮಟ್ಟದಲ್ಲಿ ಕೇಬಲ್‌ನವರು ಕೊಟ್ಟ ಪ್ಯಾಕೇ ಆಯ್ಕೆ ಆಗಿಬಿಡುವುದು ಹೆಚ್ಚು.

‘ಟಿಆರ್‌ಪಿ ನೋಡಿದರೆ ಜನರ ಗುಣ ಗೊತ್ತಾಗುವುದಿಲ್ಲವೇ?’ ಎಂದು ಕೇಳುವವರಿದ್ದಾರೆ. ಟಿಆರ್‌ಪಿ ಅಳೆಯುವುದೇ ಬೇರೆ. ಬಾರ್ಕ್ ಸಂಸ್ಥೆ ದೇಶದಾದ್ಯಂತ 50 ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ ಮೀಟರ್ ಇಟ್ಟಿದೆ. ವಾಹಿನಿಯ ಧ್ವನಿಯಲ್ಲಿ ಕಿವಿಗೆ ಕೇಳದ ಗುರುತೊಂದನ್ನು ಬೆರೆಸಿರುತ್ತಾರೆ, ಮೀಟರ್ ಅದನ್ನು ಹಿಡಿದು ಯಾವ ವಾಹಿನಿ ಓಡುತ್ತಿದೆ ಎಂದು ದಾಖಲಿಸುತ್ತದೆ. ಮನೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಗುಂಡಿ. ಯಾರು ನೋಡುತ್ತಿದ್ದಾರೋ ಅವರು ಒತ್ತಬೇಕು. ಹಳ್ಳಿಮನೆಗಳು ಈ ಲೆಕ್ಕಕ್ಕೆ ಸೇರಿದ್ದೇ 2015ರಲ್ಲಿ. ಮನೆಗಳನ್ನು ವಿಂಗಡಿಸುವುದು ಯಾವುದರ ಮೇಲೆ? ಮನೆಯ ಮುಖ್ಯ ದುಡಿಮೆಗಾರರ ಓದು, ಮತ್ತು ಫ್ಯಾನು, ಗ್ಯಾಸ್ ಒಲೆ, ಬೈಕು, ಫ್ರಿಜ್, ವಾಷಿಂಗ್ ಮಷೀನ್, ಕಾರು, ಜಮೀನು ಸೇರಿದಂತೆ ಹನ್ನೊಂದು ವಸ್ತುಗಳಲ್ಲಿ ಎಷ್ಟು ಇವೆ ಎನ್ನುವುದರ ಮೇಲೆ. ಹೆಣ್ಣೋ ಗಂಡೋ, ವಯಸ್ಸೆಷ್ಟು, ಊರೋ ಪಟ್ಟಣವೋ ಎಂದು ಕೇಳುತ್ತಾರೆ. ಕೋಪಿಷ್ಠರೋ ಸಮಾಧಾನಿಗಳೋ ಎಂದು ಯಾರೂ ಕೇಳುವುದಿಲ್ಲ. ಸೋಪು, ಎಣ್ಣೆ, ಟೂತ್‌ಪೇಸ್ಟ್ ಮಾರಲು ಕೋಟಿಗಟ್ಟಲೆ ಸುರಿಯುವವರೇ ಸ್ವಭಾವದ ಗೊಡವೆಗೆ ಹೋಗದೆ ವಯಸ್ಸು, ಲಿಂಗ, ಮನೆಯ ಸಾಮಾನು ನೋಡಿ ಜಾಹೀರಾತು ಕೊಳ್ಳುತ್ತಿರುವಾಗ, ಹತ್ತು ಪ್ರಶ್ನೆಯ ಪುಕ್ಕಟೆ ಆಟಕ್ಕೆ ಅವರಿಗಿಂತ ಹೆಚ್ಚು ಗೊತ್ತಿದೆ ಎಂದು ನಂಬುವುದು ಕಷ್ಟ.

‘ಇದು ನಮ್ಮ ಮಣ್ಣಿನ ಕಥೆ, ನಮ್ಮ ಸ್ವಭಾವಕ್ಕೆ ಒಗ್ಗಿದೆ’ ಎಂಬ ಮಾತೂ ಎಚ್ಚರದಿಂದ ಆಡಬೇಕಾದ್ದು. ಮನೆಮನೆ ಮಾತಾಗಿದ್ದ ‘ಪುಟ್ಟಗೌರಿ ಮದುವೆ’ ಹುಟ್ಟಿದ್ದು ಹಿಂದಿಯ ‘ಬಾಲಿಕಾ ವಧು’ವಿನಿಂದ. ರಾಜಸ್ಥಾನದ ಮನೆಯೊಂದರ ಕಥೆ ಅದು. ‘ಅಮೃತಧಾರೆ’ಯ ಬೇರು ‘ಬಡೇ ಅಚ್ಛೇ ಲಗ್ತೇ ಹೈ’ನಲ್ಲಿದೆ. ಜೈಪುರದವರಿಗೂ ಮದ್ದೂರಿನವರಿಗೂ ಒಂದೇ ಕಥೆ ಹಿಡಿಸಿದರೆ ಹೊಗಳಬೇಕಾದ್ದು ಕಥೆ ಹೆಣೆದವರನ್ನು.

ಹಾಗಿದ್ದರೆ ಆಟದ ಉತ್ತರ ಓದಿದಾಗ ‘ಅಯ್ಯೋ, ಇದು ನಾನೇ’ ಅನ್ನಿಸುವುದೇಕೆ? ನಂಬಿಕೆಯ ನಿಜವಾದ ಆಸರೆ ಇರುವುದೇ ಇಲ್ಲಿ. 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಾಂ ಫೋರರ್ ತಮ್ಮ 39 ವಿದ್ಯಾರ್ಥಿಗಳಿಗೆ ಸ್ವಭಾವ ಪರೀಕ್ಷೆಯೊಂದನ್ನು ಕೊಟ್ಟು, ಆಮೇಲೆ ಒಬ್ಬೊಬ್ಬರಿಗೂ ಅವರ ಗುಣವರ್ಣನೆ ಎಂದು ಒಂದೊಂದು ಹಾಳೆ ಹಂಚಿದರು. ನಿಮಗೆ ಎಷ್ಟು ಹೊಂದುತ್ತದೆ, ಐದಕ್ಕೆ ಅಂಕ ಕೊಡಿ ಎಂದರು. ಸರಾಸರಿ ನಾಲ್ಕಕ್ಕಿಂತ ಮೇಲೆ ಬಂತು. ಹಾಳೆಗಳಲ್ಲಿ ಇದ್ದದ್ದು ಒಂದೇ ಬರಹ, ಅದೂ ಹೆಚ್ಚಿನ ಭಾಗ ಪೇಟೆಯ ಜ್ಯೋತಿಷ್ಯ ಪುಸ್ತಕದಿಂದ ಎತ್ತಿದ್ದು. ಈ ಕೈಚಳಕ ಕನ್ನಡದಲ್ಲಿ ಹೇಗೆ ನಡೆಯುತ್ತದೆ ಎಂದು ನೋಡಲು ಒಂದು ಮಾದರಿ ಕಟ್ಟೋಣ: ‘ಹೊರಗೆ ಗಟ್ಟಿ, ಒಳಗೆ ಮೃದು. ನಿಮ್ಮವರಿಗಾಗಿ ಎಷ್ಟು ಬೇಕಾದರೂ ಸಹಿಸುತ್ತೀರಿ, ತಾಳ್ಮೆ ಮೀರಿದರೆ ಯಾರ ಮಾತೂ ಕೇಳುವುದಿಲ್ಲ. ನೀವು ಮಾಡಿದ್ದನ್ನು ಮನೆಯವರು ಪೂರ್ತಿ ಗುರುತಿಸಿಲ್ಲ.’ ಇದರ ತಲೆಯ ಮೇಲೆ ‘ಪುಟ್ಟಕ್ಕನ ಮಕ್ಕಳು’ ಎಂದು ಬರೆದರೂ ಸರಿ, ‘ಬಿಗ್ ಬಾಸ್’ ಎಂದು ಬರೆದರೂ ಸರಿ. ಓದಿದವರು ತಲೆದೂಗುತ್ತಾರೆ. ಮನೆಯವರು ತನ್ನನ್ನು ಪೂರ್ತಿ ಗುರುತಿಸಿದ್ದಾರೆ ಎನ್ನುವವರು ಮಂಡ್ಯ ಜಿಲ್ಲೆಯಲ್ಲಿ ಸಿಕ್ಕರೆ ಸನ್ಮಾನ ಮಾಡಬಹುದು.

ಇಷ್ಟಾದರೂ ನೋಟಕ್ಕೂ ಗುಣಕ್ಕೂ ಸಂಬಂಧವೇ ಇಲ್ಲ ಎಂದು ಸಾಧಿಸಹೊರಟರೆ ಅದು ಇನ್ನೊಂದು ತಪ್ಪು ಕಲ್ಪನೆಯಾಗುತ್ತದೆ. ರೆಂಟ್‌ಫ್ರೊ, ಗೋಲ್ಡ್‌ಬರ್ಗ್, ಜಿಲ್ಕಾ ಎಂಬ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನ ಮನರಂಜನೆಯ ಅಭಿರುಚಿಯನ್ನು ಐದು ಬಗೆಯಾಗಿ ವಿಂಗಡಿಸಿ, ಅವುಗಳಿಗೂ ಸ್ವಭಾವಕ್ಕೂ ನಂಟು ತೋರಿಸಿತು. ಕುಟುಂಬ, ಪ್ರೇಮ, ಹರಟೆಯ ಕಾರ್ಯಕ್ರಮಗಳನ್ನು ಇಷ್ಟಪಡುವವರಲ್ಲಿ ಇತರರೊಡನೆ ಹೊಂದಿಕೊಂಡು ಹೋಗುವ ಗುಣ ಸರಾಸರಿಯಲ್ಲಿ ತುಸು ಹೆಚ್ಚಂತೆ. ‘ಸೀರಿಯಲ್ ನೋಡೋ ಹೆಂಗಸರು ಜಗಳಗಂಟಿಯರು’ ಎಂದು ಅರಳಿಕಟ್ಟೆಯಲ್ಲಿ ತೀರ್ಪು ಕೊಡುವವರು ಇದನ್ನು ಗಮನಿಸಲಿ. ಆದರೆ ಈ ನಂಟು ತೆಳುವಾದದ್ದು. ಮನಶ್ಶಾಸ್ತ್ರದ ಇಂಥ ಲೆಕ್ಕಗಳಲ್ಲಿ 0.3ರಷ್ಟು ಸಹಸಂಬಂಧ ಸಿಕ್ಕರೂ ಅದು ಸಣ್ಣದೇನಲ್ಲ ಎನ್ನುತ್ತಾರೆ. ಅದರ ವರ್ಗ 0.09. ಅಂದರೆ ಜನರ ನಡುವಿನ ವ್ಯತ್ಯಾಸದಲ್ಲಿ ಶೇ 9ರಷ್ಟು ವಿವರಣೆ ಸಿಕ್ಕಂತೆ, ಉಳಿದ ಶೇ 91 ಬೇರೆ ಕಾರಣಗಳ ಪಾಲು. ಸಾವಿರಾರು ಜನರ ಸರಾಸರಿಯಲ್ಲಿ ಕಾಣುವ ಈ ತೆಳು ಎಳೆಯನ್ನು ಹಿಡಿದು ಎದುರಿಗೆ ಕೂತ ಒಬ್ಬರ ಗುಣ ಹೇಳಲಾಗದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ. 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕಂಪ್ಯೂಟರು 86 ಸಾವಿರಕ್ಕೂ ಹೆಚ್ಚು ಜನರ ಫೇಸ್‌ಬುಕ್ ಲೈಕುಗಳಿಂದ ಅವರ ಸ್ವಭಾವ ಊಹಿಸಿತು. ಸುಮಾರು ಹತ್ತು ಲೈಕು ಸಿಕ್ಕರೆ ಸಹೋದ್ಯೋಗಿಗಿಂತ, ಮುನ್ನೂರು ಸಿಕ್ಕರೆ ಗಂಡ ಅಥವಾ ಹೆಂಡತಿಗಿಂತ ಚೆನ್ನಾಗಿ ಹೇಳಿತು. ಒಪ್ಪಬೇಕಾದ ಮಾತೇ. ಆದರೆ ಆ ಲೈಕುಗಳು ಒಬ್ಬೊಬ್ಬರೂ ತಮ್ಮ ಬೆರಳಿನಿಂದ, ತಮ್ಮ ಖಾತೆಯಲ್ಲಿ, ವರ್ಷಗಟ್ಟಲೆ ಒತ್ತಿದವು. ನಡುಮನೆಯ ಟಿವಿಯ ಒಂದು ಧಾರಾವಾಹಿ ಅಂಥದ್ದಲ್ಲ. ಒಬ್ಬಂಟಿಯಾಗಿ ಮೊಬೈಲಿನಲ್ಲಿ ನೋಡುವ ಕಾಲೇಜು ಹುಡುಗನ ನೂರಾರು ಆಯ್ಕೆಗಳ ಪಟ್ಟಿ ಸಿಕ್ಕರೆ ಏನಾದರೂ ಹೇಳಬಹುದೇನೋ; ಅಷ್ಟು ಪಟ್ಟಿ ಇರುವುದು ಆ್ಯಪ್‌ನವರ ಬಳಿ, ಆಟ ಕಟ್ಟಿದವರ ಬಳಿಯಲ್ಲ.

ಊರಿನ ಅಭಿಮಾನವನ್ನೂ ಜನ ಸ್ವಭಾವವೆಂದು ತಪ್ಪಾಗಿ ಓದುತ್ತಾರೆ. ಮಳವಳ್ಳಿ ತಾಲ್ಲೂಕಿನ ಹಾಸ್ಯ ಕಲಾವಿದ ಗಿಲ್ಲಿ ನಟ ಬಿಗ್ ಬಾಸ್ ಹನ್ನೆರಡನೇ ಆವೃತ್ತಿಗೆ ಹೋದಾಗ ‘ಮಂಡ್ಯದವರೇ ಹಂಗೆ, ಮುಖಕ್ಕೆ ಹೊಡೆದಂಗೆ ಮಾತಾಡದು, ಅದಕ್ಕೇ ಮೆಚ್ಚದು’ ಎಂಬ ವಿವರಣೆ ಸುಲಭಕ್ಕೆ ಸಿಕ್ಕಿತು. ಆ ತಾಲ್ಲೂಕಿನಲ್ಲಿ ಬಾಯಿಬಡುಕರೂ ಇದ್ದಾರೆ, ನಾಲ್ಕು ಜನರ ಮುಂದೆ ಬಾಯಿ ಬಿಡದವರೂ ಇದ್ದಾರೆ. ‘ನಮ್ ಹುಡ್ಗ’ ಎನ್ನುವಾಗ ಇಬ್ಬರೂ ಒಂದೇ. ಅದು ನುಡಿ ಮತ್ತು ಊರಿನ ನಂಟು. ಹಿಂದಿನ ಆವೃತ್ತಿಯಲ್ಲಿ ಹಾವೇರಿ ಜಿಲ್ಲೆಯ ಹನುಮಂತ ತಮ್ಮ ಕಡೆಯ ಮಾತು, ಲುಂಗಿ, ಸಂಕೋಚ ಎಲ್ಲವನ್ನೂ ಇಟ್ಟುಕೊಂಡೇ ಗೆದ್ದರು. ತನ್ನಂತಿರುವವರನ್ನೇ ಪ್ರೇಕ್ಷಕ ಮೆಚ್ಚುವುದಾದರೆ ರಾಜ್ಯದ ಉದ್ದಗಲದ ಮತ ಒಬ್ಬರಿಗೆ ಬರುವುದು ಸಾಧ್ಯವೇ ಇರಲಿಲ್ಲ.

‘ಆಟ ತಾನೇ, ಅದರಿಂದೇನು ನಷ್ಟ’ ಎಂಬುದು ಕೊನೆಯ ತಕರಾರು. ಬರೀ ಆಟವಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. 2018ರ ಮಾರ್ಚ್‌ನಲ್ಲಿ ಬಯಲಾದ ಕೇಂಬ್ರಿಜ್ ಅನಲಿಟಿಕಾ ಮಾಹಿತಿ ಸೋರಿಕೆ ಹಗರಣದ ಬೀಜ ಫೇಸ್‌ಬುಕ್‌ನಲ್ಲಿ ಓಡಾಡಿದ ಒಂದು ಸ್ವಭಾವ ಪರೀಕ್ಷೆಯ ಆ್ಯಪ್. ಅದನ್ನು ಆಡಿದವರು ಲಕ್ಷಗಳ ಲೆಕ್ಕದಲ್ಲಿದ್ದರೆ, ಮಾಹಿತಿ ಸೋರಿರಬಹುದಾದವರು 8.7 ಕೋಟಿ ಎಂದು ಫೇಸ್‌ಬುಕ್ಕೇ ಅಂದಾಜು ಕೊಟ್ಟಿತು, ಏಕೆಂದರೆ ಆಡಿದವರ ಸ್ನೇಹಿತರ ವಿವರವನ್ನೂ ಆ್ಯಪ್ ಎಳೆದುಕೊಂಡಿತ್ತು. ಭಾರತದಲ್ಲಿ ಆ್ಯಪ್ ಹಾಕಿಕೊಂಡವರು 335 ಜನ. ಅವರೂ ಅವರ ಬಳಗದವರೂ ಸೇರಿ ಬಾಧಿತರಾಗಿರಬಹುದಾದವರು 5.62 ಲಕ್ಷ. ಆದ್ದರಿಂದ ಮುಂದಿನ ದಸರಾ ಹೊತ್ತಿಗೆ ಇಂಥ ಆಟ ನಿಮ್ಮ ಮೊಬೈಲಿಗೆ ಬಂದರೆ ಓದಿ ನಗಬಹುದು. ಹೆಸರು, ಹುಟ್ಟಿದ ದಿನಾಂಕ, ಫೋನ್ ನಂಬರ್ ಕೇಳಿದ ಕೂಡಲೇ ಮುಚ್ಚಿಬಿಡಿ. ಯಾವ ಧಾರಾವಾಹಿ ನೋಡಬೇಕೆಂದು ತಿಳಿಯಲು ಅದರ ಎರಡು ಕಂತು ಸಾಕು.