ಬಿದ್ದವನ ಬಳಿ ನಿಂತವರು

ತೋಟಕ್ಕೂ ಪೇಟೆಗೂ ಮೋಟಾರು ಸೈಕಲ್ಲನ್ನೇ ನಂಬಿರುವ ನೆಲಮಂಗಲ, ದೊಡ್ಡಬಳ್ಳಾಪುರದ ಬೆಳೆಗಾರ ಬಾಂಧವರು ಬೆಂಗಳೂರಿನ ಸವಾರ ಸಿ. ಎಸ್. ಸಂತೋಷ್ ಅವರ ಸಂಗತಿಯನ್ನು ಅರಿಯಬೇಕೆಂಬುದು ನಮ್ಮ ಆಸೆ. 2015ರಲ್ಲಿ ಡಕಾರ್ ರ್‍ಯಾಲಿಯನ್ನು ಪೂರೈಸಿದ ಮೊದಲ ಭಾರತೀಯ ಅವರು. 2021ರ ಜನವರಿ 6ರಂದು ಸೌದಿ ಅರೇಬಿಯದಲ್ಲಿ ಅದೇ ಪಂದ್ಯದಲ್ಲಿ ಬಿದ್ದು ತಲೆಗೆ ತೀವ್ರ ಪೆಟ್ಟಾಯಿತು. ಹಿಂದೆ ಬಂದ ಸಹಸ್ಪರ್ಧಿಗಳು ಪಂದ್ಯವನ್ನು ಬದಿಗಿಟ್ಟು ನಿಂತು ನೆರವಾದರು. ಹೆಲಿಕಾಪ್ಟರಿನಲ್ಲಿ ರಿಯಾದ್‌ನ ಆಸ್ಪತ್ರೆಗೆ ಸಾಗಿಸಲಾಯಿತು. ಚೇತರಿಸಿಕೊಂಡು ಅವರು ಊರಿಗೆ ಮರಳಿದರು.

ನಮ್ಮ ರಸ್ತೆಗಳಲ್ಲೂ ಈ ಧರ್ಮ ನಡೆಯಲಿ. ಬಿದ್ದವರನ್ನು ಕಂಡರೆ ನಿಲ್ಲಿ. 108ಕ್ಕೆ ಕರೆ ಮಾಡಿ. ಕತ್ತು ಅಲುಗದಂತೆ ನೋಡಿಕೊಳ್ಳಿ. ಪೊಲೀಸು, ಕೋರ್ಟು ಎಂಬ ಅಂಜಿಕೆ ಬೇಡ: 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ನೆರವಾದವರಿಗೆ ರಕ್ಷಣೆ ನೀಡಿದೆ. ಹೆಲ್ಮೆಟ್ಟನ್ನೂ ಮರೆಯದಿರೋಣ, ಮನೆಯವರು ದಾರಿ ಕಾಯುತ್ತಿರುತ್ತಾರೆ.