ಕುಕಿ ಬಳಸುವ ಜಾಲತಾಣಗಳಿಂದ ಸ್ಕ್ರಿಪ್ಟ್ ಮೂಲಕ ಪುಟ ಪಡೆಯುವುದು

ಕುಕಿ ಬಳಸುವ ಜಾಲತಾಣಗಳಿಂದ ಸ್ಕ್ರಿಪ್ಟ್ ಮೂಲಕ ಪುಟ ಪಡೆಯುವುದು ಎಂದರೆ, ಬ್ರೌಸರಿನ ನೆರವಿಲ್ಲದೆ ಒಂದು ಕಿರು ಪ್ರೋಗ್ರಾಮಿನಿಂದ ಜಾಲಪುಟಗಳನ್ನು ತರಿಸಿಕೊಳ್ಳುವಾಗ, ಜಾಲತಾಣವು ನೀಡುವ ಕುಕಿಗಳನ್ನು ಕಾಪಿಟ್ಟುಕೊಂಡು ಅದೇ ತಾಣಕ್ಕೆ ಕಳುಹಿಸುವ ಮುಂದಿನ ಕೋರಿಕೆಗಳೊಡನೆ ಮರಳಿಸುವ ವಿಧಾನ. ಬ್ರೌಸರ್ ಈ ಕೆಲಸವನ್ನು ಬಳಕೆದಾರನಿಗೆ ತಿಳಿಯದಂತೆಯೇ ಮಾಡುತ್ತದೆ. ಸ್ಕ್ರಿಪ್ಟಿಗೆ ಅದನ್ನು ಬಿಡಿಸಿ ಹೇಳಬೇಕಾಗುತ್ತದೆ. ಹೇಳದಿದ್ದರೆ ಸರ್ವರ್ ಬಹುಪಾಲು ಯಾವ ದೋಷವನ್ನೂ ಸೂಚಿಸದೆ ಬೇರೊಂದು ಪುಟವನ್ನು ಕಳುಹಿಸುತ್ತದೆ. ಸ್ಕ್ರಿಪ್ಟ್ ಅದನ್ನೇ ಸರಿಯಾದ ಪುಟವೆಂದು ಉಳಿಸಿಕೊಳ್ಳುತ್ತದೆ.

ಹಿನ್ನೆಲೆ

ಜಾಲಪುಟಗಳ ಸಾಗಣೆಗೆ ಬಳಕೆಯಾಗುವ ಎಚ್‌ಟಿಟಿಪಿ ನಿಯಮಾವಳಿಯಲ್ಲಿ ನೆನಪಿಗೆ ಅವಕಾಶವಿಲ್ಲ. ಪ್ರತಿಯೊಂದು ಕೋರಿಕೆಯೂ ಸರ್ವರಿನ ಪಾಲಿಗೆ ಹೊಸದು. ಹಿಂದಿನ ಕ್ಷಣ ಪುಟ ಕೇಳಿದವರೇ ಈಗಲೂ ಕೇಳುತ್ತಿದ್ದಾರೆಂಬುದು ಅದಕ್ಕೆ ತಿಳಿಯದು. ಈ ಕೊರತೆಯನ್ನು ನೀಗಿಸಲು 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮಾಂಟುಲಿ ಅವರು ಕುಕಿಯನ್ನು ರೂಪಿಸಿದರು. ಅದರ ಮೊದಲ ಔಪಚಾರಿಕ ವಿವರಣೆ 1997ರಲ್ಲಿ ಆರ್‌ಎಫ್‌ಸಿ 2109 ಎಂಬ ದಾಖಲೆಯಾಗಿ ಬಂದಿತು. ಬ್ರೌಸರುಗಳ ನಿಜವಾದ ನಡವಳಿಕೆಯನ್ನು ಆಧರಿಸಿದ ಆರ್‌ಎಫ್‌ಸಿ 6265 ದಾಖಲೆ 2011ರಲ್ಲಿ ಪ್ರಕಟವಾಯಿತು.

ಕುಕಿ ಕೆಲಸ ಮಾಡುವ ಬಗೆ

ಕುಕಿಯನ್ನು ದೇವಸ್ಥಾನದ ಮುಂದೆ ಪಾದರಕ್ಷೆ ಬಿಟ್ಟಾಗ ಸಿಗುವ ಟೋಕನ್ನಿಗೆ ಹೋಲಿಸಬಹುದು. ಕಾಯುವವನು ಯಾರ ಮುಖವನ್ನೂ ನೆನಪಿಡುವುದಿಲ್ಲ; ಟೋಕನ್ನಿನ ಸಂಖ್ಯೆಯನ್ನು ನೋಡಿ ಜೋಡನ್ನು ಕೊಡುತ್ತಾನೆ. ಟೋಕನ್ ತೋರಿಸದವನು ಆಗತಾನೆ ಬಂದವನೆಂದೇ ಲೆಕ್ಕ. ಟೋಕನ್ ಬೇರೆಯವರ ಕೈಸೇರಿದರೆ ಜೋಡೂ ಅವರದಾಗುತ್ತದೆ.

ಸರ್ವರ್ ತನ್ನ ಉತ್ತರದ ಶಿರೋಭಾಗದಲ್ಲಿ ‘ಸೆಟ್-ಕುಕಿ’ ಎಂಬ ಸಾಲನ್ನು ಸೇರಿಸಿ ಒಂದು ಹೆಸರನ್ನೂ ಒಂದು ಮೌಲ್ಯವನ್ನೂ ಕಳುಹಿಸುತ್ತದೆ. ಮುಂದಿನ ಕೋರಿಕೆಯ ಶಿರೋಭಾಗದ ‘ಕುಕಿ’ ಎಂಬ ಸಾಲಿನಲ್ಲಿ ಅವೆರಡೂ ಮರಳಬೇಕು. ಕುಕಿ ಯಾವ ತಾಣಕ್ಕೆ ಮತ್ತು ಯಾವ ಮಾರ್ಗಕ್ಕೆ ಸಲ್ಲುತ್ತದೆ, ಯಾವಾಗ ಅವಧಿ ಮೀರುತ್ತದೆ, ಗೂಢಲಿಪೀಕರಿಸಿದ ಸಂಪರ್ಕದಲ್ಲಿ ಮಾತ್ರ ಕಳುಹಿಸಬೇಕೇ ಎಂಬ ವಿವರಗಳೂ ಜೊತೆಗಿರಬಹುದು. ಅವಧಿಯನ್ನು ನಮೂದಿಸದ ಕುಕಿಯನ್ನು ಸೆಷನ್ ಕುಕಿ ಎನ್ನುತ್ತಾರೆ; ಅದರ ಬಾಳಿಕೆ ಸಾಮಾನ್ಯವಾಗಿ ಬ್ರೌಸರನ್ನು ಮುಚ್ಚುವವರೆಗೆ ಮಾತ್ರ.

ಸ್ಕ್ರಿಪ್ಟ್‌ಗಳಲ್ಲಿ ಕುಕಿ ಸಂಗ್ರಹ

ಸ್ಕ್ರಿಪ್ಟ್ ಕುಕಿಗಳನ್ನು ಇಡುವ ಜಾಗವನ್ನು ‘ಕುಕಿ ಜಾರ್’ ಎಂದು ಕರೆಯುವುದು ರೂಢಿ. ಮನೆಯ ಭರಣಿಯಂತೆ ಬಂದದ್ದನ್ನು ಅದರಲ್ಲಿ ಹಾಕಿ, ಬೇಕಾದಾಗ ತೆಗೆಯಲಾಗುತ್ತದೆ. ಕರ್ಲ್ ಎಂಬ ಉಪಕರಣದಲ್ಲಿ ಕುಕಿಗಳನ್ನು ಕಡತಕ್ಕೆ ಬರೆಯಲು ಒಂದು ಆಯ್ಕೆಯೂ, ಕಡತದಿಂದ ಓದಲು ಇನ್ನೊಂದು ಆಯ್ಕೆಯೂ ಇವೆ. ಎರಡನ್ನೂ ಕೊಟ್ಟರೆ ಮಾತ್ರ ಒಂದು ಆದೇಶದಲ್ಲಿ ಪಡೆದ ಕುಕಿ ಮುಂದಿನ ಆದೇಶಕ್ಕೆ ದೊರೆಯುತ್ತದೆ. ವಿಗೆಟ್ ಉಪಕರಣವು ಸೆಷನ್ ಕುಕಿಗಳನ್ನು ತಾನಾಗಿ ಕಡತಕ್ಕೆ ಬರೆಯುವುದಿಲ್ಲ. ಅದಕ್ಕೆ ಪ್ರತ್ಯೇಕ ಆಯ್ಕೆಯನ್ನು ಸೇರಿಸಬೇಕು. ಪೈಥಾನ್ ಭಾಷೆಯ ರಿಕ್ವೆಸ್ಟ್ಸ್ ಗ್ರಂಥಾಲಯದಲ್ಲಿ ಬಿಡಿಬಿಡಿಯಾಗಿ ಮಾಡಿದ ಕೋರಿಕೆಗಳ ನಡುವೆ ಕುಕಿ ಉಳಿಯುವುದಿಲ್ಲ. ‘ಸೆಷನ್’ ಎಂಬ ವಸ್ತುವನ್ನು ಸೃಷ್ಟಿಸಿ ಎಲ್ಲ ಕೋರಿಕೆಗಳನ್ನೂ ಅದರ ಮೂಲಕವೇ ಮಾಡಿದರೆ ಉಳಿಯುತ್ತದೆ. ಪರ್ಲ್ ಭಾಷೆಯಲ್ಲಿ ಎಲ್‌ಡಬ್ಲ್ಯೂಪಿ ಗ್ರಂಥಾಲಯಕ್ಕೂ ಕುಕಿ ಸಂಗ್ರಹವನ್ನು ಹೀಗೆಯೇ ಜೋಡಿಸಬೇಕಾಗುತ್ತದೆ.

ಉದಾಹರಣೆ: ಕನ್ನಡ ವಿಕಿಪೀಡಿಯ

2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಕುಕಿಯ ಅಗತ್ಯ ಎಲ್ಲಿದೆ, ಎಲ್ಲಿಲ್ಲ ಎಂಬ ವ್ಯತ್ಯಾಸವನ್ನು ಸ್ಪಷ್ಟವಾಗಿ ಕಾಣಬಹುದು. ಬಣ್ಣದ ಮರದ ಗೊಂಬೆಗಳಿಗೆ ಹೆಸರಾದ, ಕೊಪ್ಪಳ ತಾಲೂಕಿನ ಕಿನ್ನಾಳ ಗ್ರಾಮದ ಲೇಖನವನ್ನು ಓದಲು ಯಾವ ಕುಕಿಯೂ ಬೇಕಿಲ್ಲ. ಸ್ಕ್ರಿಪ್ಟ್ ವಿಳಾಸವನ್ನು ಕೇಳಿದರೆ ಸಾಕು. ತಿದ್ದುವಾಗ ಸಂಗತಿ ಬೇರೆ. ಕೊಪ್ಪಳ ಜಿಲ್ಲೆಯಲ್ಲಿ ಗಂಗಾವತಿ ತಾಲೂಕಿನಿಂದ ಕಾರಟಗಿ ಮತ್ತು ಕನಕಗಿರಿ, ಯಲಬುರ್ಗಾ ತಾಲೂಕಿನಿಂದ ಕುಕನೂರು ಹೊಸ ತಾಲೂಕುಗಳಾಗಿವೆ. ಇಂತಹ ಬದಲಾವಣೆಯಾದಾಗ ಅನೇಕ ಗ್ರಾಮಗಳ ಲೇಖನಗಳಲ್ಲಿ ತಾಲೂಕಿನ ಹೆಸರನ್ನು ತಿದ್ದುವ ಕೆಲಸಕ್ಕೆ ಬಾಟ್ ಎಂಬ ಸ್ವಯಂಚಾಲಿತ ಸ್ಕ್ರಿಪ್ಟ್ ನೆರವಾಗಬಲ್ಲದು. ಅದು ತನ್ನ ಖಾತೆಯ ಹೆಸರಿನಲ್ಲಿ ಲಾಗಿನ್ ಆಗಿರಬೇಕು.

ವಿಕಿಪೀಡಿಯದ ಹಿಂದಿರುವ ಮೀಡಿಯಾವಿಕಿ ತಂತ್ರಾಂಶದಲ್ಲಿ ಬಾಟ್ ಲಾಗಿನ್ ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲ ಹಂತದಲ್ಲಿ ಸ್ಕ್ರಿಪ್ಟ್ ಒಂದು ಲಾಗಿನ್ ಟೋಕನ್ನನ್ನು ಕೇಳುತ್ತದೆ. ಉತ್ತರದ ಜೊತೆಗೆ ಸೆಷನ್ ಕುಕಿಯೂ ಬರುತ್ತದೆ. ಎರಡನೆಯ ಹಂತದಲ್ಲಿ ಹೆಸರು, ಬಾಟ್‌ಗೆಂದೇ ಪಡೆದ ಪ್ರವೇಶಪದ ಮತ್ತು ಆ ಟೋಕನ್ನನ್ನು ಕಳುಹಿಸಬೇಕು. ಕುಕಿ ಮರಳದಿದ್ದರೆ ಸರ್ವರಿಗೆ ಈ ಟೋಕನ್ ಯಾರಿಗೆ ಕೊಟ್ಟದ್ದೆಂದು ತಿಳಿಯುವುದಿಲ್ಲ. ಪ್ರವೇಶಪದ ಸರಿಯಾಗಿದ್ದರೂ ಸೆಷನ್ನಿನ ಅವಧಿ ಮುಗಿದಿರಬಹುದೆಂಬ ಉತ್ತರ ಬರುತ್ತದೆ. ಹೊಸಬರು ಪ್ರವೇಶಪದವನ್ನು ಮತ್ತೆಮತ್ತೆ ಬದಲಿಸಿ ನೋಡುವುದು ಇಲ್ಲಿಯೇ.

ಇದಕ್ಕಿಂತ ಅಪಾಯಕಾರಿಯಾದ ಸ್ಥಿತಿಯೊಂದಿದೆ. ಲಾಗಿನ್ ಆದ ಬಳಿಕ ಸ್ಕ್ರಿಪ್ಟ್ ಕುಕಿಯನ್ನು ಕಳೆದುಕೊಂಡು, ಸಂಪಾದನೆಗೆ ಬೇಕಾದ ಟೋಕನ್ನನ್ನು ಹೊಸದಾಗಿ ಕೇಳಿದರೆ, ಲಾಗಿನ್ ಆಗದವರಿಗೆ ಕೊಡುವ ಸಾಮಾನ್ಯ ಟೋಕನ್ ದೊರೆಯುತ್ತದೆ. ಅದರಿಂದ ಮಾಡಿದ ಸಂಪಾದನೆ ಯಶಸ್ವಿಯಾಗಬಹುದು, ಆದರೆ ಖಾತೆಯ ಹೆಸರಿನಲ್ಲಿ ದಾಖಲಾಗುವುದಿಲ್ಲ. ಆ ಕೆಲಸ ಯಾರದೆಂದು ಉಳಿದ ಸಂಪಾದಕರಿಗೆ ತಿಳಿಯದಂತಾಗುತ್ತದೆ. ಇದನ್ನು ತಡೆಯಲು ಪ್ರತಿ ಕೋರಿಕೆಯೊಡನೆ ‘ಅಸರ್ಟ್’ ಎಂಬ ನಿಯತಾಂಕವನ್ನು ಸೇರಿಸುವ ಸೌಲಭ್ಯವಿದೆ. ಆಗ ಲಾಗಿನ್ ತಪ್ಪಿಹೋಗಿದ್ದರೆ ಸಂಪಾದನೆ ನಡೆಯದೆ ದೋಷಸೂಚನೆ ಬರುತ್ತದೆ.

ಸಾಮಾನ್ಯ ದೋಷಗಳು

* ಹುಸಿ ಯಶಸ್ಸು: ಅನೇಕ ತಾಣಗಳು ಕುಕಿಯಿಲ್ಲದ ಕೋರಿಕೆಯನ್ನು ಲಾಗಿನ್ ಪುಟಕ್ಕೆ ತಿರುಗಿಸುತ್ತವೆ. ಆ ಪುಟವೂ 200 ಎಂಬ ಯಶಸ್ಸಿನ ಸಂಖ್ಯೆಯೊಡನೆ ಬರುವುದರಿಂದ ಸಂಖ್ಯೆಯನ್ನಷ್ಟೇ ನೋಡುವ ಸ್ಕ್ರಿಪ್ಟ್ ಮೋಸಹೋಗುತ್ತದೆ. ನೂರು ಪುಟ ಇಳಿಸಿಕೊಂಡ ಮೇಲೆ ನೂರೂ ಲಾಗಿನ್ ಪುಟದ ಪ್ರತಿಗಳೇ ಆಗಿರುವುದುಂಟು. ಪುಟದಲ್ಲಿ ಇರಲೇಬೇಕಾದ ಒಂದು ಪದವನ್ನು, ಉದಾಹರಣೆಗೆ ಗ್ರಾಮದ ಹೆಸರನ್ನು, ಹುಡುಕಿ ಖಚಿತಪಡಿಸಿಕೊಳ್ಳುವುದು ಸರಳ ಪರಿಹಾರ.
* ತಿರುವಿನಲ್ಲಿ ನಷ್ಟ: ಲಾಗಿನ್ ಯಶಸ್ವಿಯಾದಾಗ ಸರ್ವರ್ 302 ಸಂಖ್ಯೆಯೊಡನೆ ಬೇರೆ ವಿಳಾಸಕ್ಕೆ ಕಳುಹಿಸುವುದು ವಾಡಿಕೆ. ಕುಕಿ ಇರುವುದು ಆ ತಿರುವಿನ ಉತ್ತರದಲ್ಲಿಯೇ. ಕೊನೆಯ ಉತ್ತರವನ್ನು ಮಾತ್ರ ಓದುವ ಸ್ಕ್ರಿಪ್ಟ್ ಅದನ್ನು ಕಳೆದುಕೊಳ್ಳುತ್ತದೆ.
* ಅಡಗಿದ ಕ್ಷೇತ್ರ: ಲಾಗಿನ್ ನಮೂನೆಯಲ್ಲಿ ಕಣ್ಣಿಗೆ ಕಾಣದ ಟೋಕನ್ ಇರಬಹುದು. ಮೊದಲು ನಮೂನೆಯ ಪುಟವನ್ನು ತರಿಸಿ, ಟೋಕನ್ನನ್ನು ಓದಿ, ಅದೇ ಕುಕಿಯೊಡನೆ ಮರಳಿಸಬೇಕು.
* ಜಾವಾಸ್ಕ್ರಿಪ್ಟ್ ಕುಕಿ: ಕೆಲವು ಕುಕಿಗಳನ್ನು ಪುಟದೊಳಗಿನ ಜಾವಾಸ್ಕ್ರಿಪ್ಟ್ ಸೃಷ್ಟಿಸುತ್ತದೆ. ಕರ್ಲ್, ವಿಗೆಟ್ ಮುಂತಾದವು ಅದನ್ನು ಚಲಾಯಿಸುವುದಿಲ್ಲ; ಸೆಲೆನಿಯಮ್ ಅಥವಾ ಪ್ಲೇರೈಟ್ ಮೂಲಕ ನಿಜವಾದ ಬ್ರೌಸರನ್ನೇ ನಡೆಸಬೇಕಾಗುತ್ತದೆ.

ಸುರಕ್ಷತೆ ಮತ್ತು ನಡವಳಿಕೆ

ಲಾಗಿನ್ ಆದ ಕುಕಿಯುಳ್ಳ ಕಡತವು ಅವಧಿ ಮುಗಿಯುವವರೆಗೆ ಖಾತೆಯ ಬೀಗದಕೈಯೇ ಆಗಿರುತ್ತದೆ. ಅದನ್ನು ಪಡೆದವರು ಪ್ರವೇಶಪದ ತಿಳಿಯದೆಯೂ ಒಳಹೋಗಬಹುದು. ಆದುದರಿಂದ ಇತರರು ಓದಬಲ್ಲ ಜಾಗದಲ್ಲಿಯೂ ಸ್ಕ್ರಿಪ್ಟಿನೊಡನೆ ಹಂಚುವ ಕಡತಗಳ ನಡುವೆಯೂ ಅದನ್ನು ಇಡಬಾರದು. ಕೆಲಸ ಮುಗಿದ ಮೇಲೆ ಕಡತವನ್ನು ಅಳಿಸಿದರಷ್ಟೇ ಸಾಲದು. ಲಾಗ್‌ಔಟ್ ಆದರೆ ಸರ್ವರಿನ ಕಡೆಯ ಸೆಷನ್ ಕೂಡ ಕೊನೆಗೊಳ್ಳುತ್ತದೆ.

ತಾಂತ್ರಿಕವಾಗಿ ಸಾಧ್ಯವಾದುದೆಲ್ಲ ಅನುಮತಿಸಿದ್ದೆಂದು ಅರ್ಥವಲ್ಲ. ತಾಣದ ಬಳಕೆಯ ನಿಯಮಗಳನ್ನೂ, ಸ್ವಯಂಚಾಲಿತ ಭೇಟಿಗೆ ಮಿತಿ ಹೇಳುವ ‘ರೋಬಾಟ್ಸ್’ ಕಡತವನ್ನೂ ಮೊದಲು ಓದಬೇಕು. ವಿಕಿಮೀಡಿಯಾ ತಾಣಗಳು ಪ್ರತಿ ಸ್ಕ್ರಿಪ್ಟ್ ತನ್ನ ಹೆಸರನ್ನೂ ನಡೆಸುವವರ ಸಂಪರ್ಕವನ್ನೂ ಕೋರಿಕೆಯಲ್ಲಿ ತಿಳಿಸಬೇಕೆಂದು ಕೇಳುತ್ತವೆ. ಕೋರಿಕೆಗಳ ನಡುವೆ ಬಿಡುವು ಕೊಡುವುದು ಸರ್ವರಿನ ಹೊರೆಯನ್ನು ತಗ್ಗಿಸುತ್ತದೆ. ಇಡೀ ವಿಶ್ವಕೋಶದ ಪಠ್ಯ ಬೇಕಾದವರಿಗೆ ವಿಕಿಮೀಡಿಯಾ ಪ್ರತಿಷ್ಠಾನವು ಕಾಲಕಾಲಕ್ಕೆ ಪ್ರಕಟಿಸುವ ದತ್ತಾಂಶದ ಪೂರ್ಣ ಪ್ರತಿಗಳಿವೆ. ಅವುಗಳನ್ನು ಇಳಿಸಿಕೊಳ್ಳಲು ಲಾಗಿನ್ ಆಗಲಿ ಕುಕಿಯಾಗಲಿ ಬೇಕಿಲ್ಲ.