ಹೊಲಿದು ಕಟ್ಟುವ ದೋಣಿ

ಪ್ಲೈವುಡ್ ಹಲಗೆಗಳ ಅಂಚುಗಳನ್ನು ತಾಮ್ರದ ತಂತಿಯಿಂದ ಹೊಲಿದು, ಬಡಗಿಯ ವಿದ್ಯೆಯನ್ನು ಕಲಿಯದ ಗೃಹಸ್ಥನೂ ತನ್ನ ಮನೆಯ ಜಗಲಿಯ ಮೇಲೆಯೇ ದೋಣಿಯೊಂದನ್ನು ಕಟ್ಟಿಕೊಳ್ಳಬಹುದೆಂದು ಓದಿ ತಿಳಿದಾಗ ನನಗೆ ಥಟ್ಟನೆ ನೆನಪಾದುವು ಬಂಗಾರಪೇಟೆಯ ಮೋಟಾರ್ ವೈಂಡಿಂಗ್ ಅಂಗಡಿಗಳು. ಸಾವಿರ ಅಡಿಗೂ ಮಿಕ್ಕಿ ಕೊರೆದ ಕೊಳವೆಬಾವಿಗಳಲ್ಲಿ ದುಡಿದು ಸುಟ್ಟುಹೋದ ಪಂಪುಗಳು ಅಲ್ಲಿಗೆ ಬಂದು, ಹೊಸ ತಂತಿಯನ್ನು ಸುತ್ತಿಸಿಕೊಂಡು, ಮತ್ತೆ ಪಾತಾಳಕ್ಕೆ ಇಳಿಯುತ್ತವೆ. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದೆ ಕೆರೆಗಳನ್ನೇ ನಂಬಿ ಬದುಕಿದ ಈ ಸೀಮೆಯಲ್ಲಿ ತಾಮ್ರಕ್ಕೂ ನೀರಿಗೂ ಇರುವ ನಂಟು ಇದೊಂದೇ ಎಂದು ಭಾವಿಸಿದ್ದ ನನಗೆ, ಅದೇ ಲೋಹದ ಎಳೆಯು ನೀರಿನ ಮೇಲೆ ತೇಲುವ ಸಾಧನಕ್ಕೂ ಮೂಲವಾಗಬಲ್ಲುದೆಂಬ ಸಂಗತಿ ಅಪಾರ ಸಂತೋಷವನ್ನುಂಟುಮಾಡಿತು. ಈ ಲೇಖನಕ್ಕೆ ಕಾರಣವೂ ಆ ಸಂತೋಷವೇ.

ದೋಣಿಯನ್ನು ಹೊಲಿಯುವುದು ನಮ್ಮ ಸಮುದ್ರತೀರಗಳಿಗೆ ಹೊಸತೇನೂ ಅಲ್ಲ. ಕಬ್ಬಿಣದ ಮೊಳೆಯನ್ನು ಮುಟ್ಟದೆ, ಹಲಗೆಗಳ ಅಂಚಿನಲ್ಲಿ ರಂಧ್ರಗಳನ್ನು ಕೊರೆದು, ತೆಂಗಿನ ನಾರಿನ ಹುರಿಯಿಂದ ಬಿಗಿದು ಕಟ್ಟಿದ ನಾವೆಗಳು ಶತಮಾನಗಳ ಕಾಲ ಹಿಂದೂ ಮಹಾಸಾಗರದಲ್ಲಿ ಸಂಚರಿಸಿದುವು. ಅಜಂತೆಯ ಭಿತ್ತಿಚಿತ್ರದ ಹಡಗೊಂದನ್ನು ಮಾದರಿಯಾಗಿಟ್ಟುಕೊಂಡು ಹೀಗೆಯೇ ಹೊಲಿದು ಕಟ್ಟಿದ ‘ಕೌಂಡಿನ್ಯ’ ನೌಕೆಯನ್ನು 2025ರ ಮೇ ತಿಂಗಳಿನಲ್ಲಿ ನಮ್ಮ ನೌಕಾಪಡೆಯು ಕಾರವಾರದಲ್ಲಿ ಸೇರ್ಪಡೆ ಮಾಡಿಕೊಂಡುದನ್ನು ಓದುಗರು ಬಲ್ಲರು. ಮದರಾಸಿನ ಕಡಲಲೆಗಳ ಹೊಡೆತಕ್ಕೆ ಮುರಿಯದೆ ಬಳುಕಿ ಉಳಿಯುತ್ತಿದ್ದ ಮಸೂಲಾ ದೋಣಿಗಳೂ ಹೊಲಿಗೆಯವೇ. ಅವು ಓಡಾಡಿದ ಆ ಕೋರಮಂಡಲ ತೀರದ ಹೆಸರನ್ನೇ ಹೊತ್ತ ನಿಲ್ದಾಣವೊಂದು, ಕಡಲಿಂದ ಇಷ್ಟು ದೂರದಲ್ಲಿ, ನಮ್ಮ ಬಂಗಾರಪೇಟೆ–ಮಾರಿಕುಪ್ಪಂ ರೈಲುದಾರಿಯಲ್ಲಿದೆ.

ಈ ಹೊಲಿಗೆಯನ್ನು ಪ್ಲೈವುಡ್ಡಿಗೆ ಅಳವಡಿಸಿದವನು ಕೆನ್ ಲಿಟಲ್‌ಡೈಕ್ ಎಂಬ ಇಂಗ್ಲಿಷ್ ಶಾಲಾ ಉಪಾಧ್ಯಾಯ. ಕಿರಿದಾದ ಕಯಾಕ್ ದೋಣಿಗಳನ್ನು ಆತ ಹೀಗೆ ಕಟ್ಟಿದನು. ಮನೆಯ ದುರಸ್ತಿ ಕೆಲಸಗಳನ್ನು ಟೆಲಿವಿಷನ್ನಿನಲ್ಲಿ ಜನರಿಗೆ ಕಲಿಸಿಕೊಡುತ್ತಿದ್ದ ಬ್ಯಾರಿ ಬಕ್ನೆಲ್ ಎಂಬಾತನು ಆ ವಿಧಾನವನ್ನು ಹಾಯಿದೋಣಿಗೆ ತಂದನು. ಜಾಕ್ ಹೋಲ್ಟ್ ಎಂಬ ಅನುಭವಿ ನೌಕಾಶಿಲ್ಪಿ ಅದರ ಆಕಾರವನ್ನು ತಿದ್ದಿದನು. ‘ಡೈಲಿ ಮಿರರ್’ ಪತ್ರಿಕೆಯ ಆಶ್ರಯದಲ್ಲಿ 1963ರಲ್ಲಿ ಅದು ‘ಮಿರರ್’ ಎಂಬ ಹೆಸರಿನಿಂದಲೇ ಹೊರಬಂದಿತು. ಹತ್ತು ಅಡಿ ಹತ್ತು ಅಂಗುಲ ಉದ್ದದ, ಕೆಂಪು ಹಾಯಿಯ ಈ ದೋಣಿಯನ್ನು ಬಿಡಿಭಾಗಗಳ ಕಟ್ಟಾಗಿ ಕೊಂಡು, ಗ್ಯಾರೇಜಿನಲ್ಲಿಯೋ ಊಟದ ಕೋಣೆಯಲ್ಲಿಯೋ ಜೋಡಿಸಿಕೊಂಡವರು ಸಾಧಾರಣ ಸಂಸಾರಸ್ಥರು. ಎಪ್ಪತ್ತು ಸಾವಿರಕ್ಕೂ ಹೆಚ್ಚು ಮಿರರ್ ದೋಣಿಗಳು ನಿರ್ಮಾಣಗೊಂಡುವೆಂಬುದನ್ನು ನೆನೆದರೆ, ಶ್ರೀಮಂತರ ವಿಲಾಸವೆನಿಸಿದ್ದ ನೌಕಾವಿಹಾರವನ್ನು ತಂತಿಯ ತುಣುಕುಗಳು ಎಷ್ಟು ಮನೆಗಳಿಗೆ ತಲುಪಿಸಿದುವೆಂಬುದು ಅರಿವಾಗುತ್ತದೆ.

ಹೊಲಿಗೆಯ ಮರ್ಮವನ್ನು ತಿಳಿಯಬೇಕಾದರೆ ರಟ್ಟಿನ ಮಾದರಿಯೊಂದನ್ನು ಮಾಡಿ ನೋಡಬೇಕು. ಹಳೆಯದೊಂದು ಮದುವೆಯ ಕರೆಯೋಲೆಯಿಂದ ತಳದ ಎರಡು ಹಲಗೆಗಳನ್ನೂ ಪಕ್ಕದ ಎರಡು ಹಲಗೆಗಳನ್ನೂ ಕತ್ತರಿಸಿ, ಸೂಜಿದಾರದಿಂದ ಅಂಚಿಗೆ ಅಂಚನ್ನು ಪೋಣಿಸುತ್ತ ಹೋದೆನು. ಮೊದಲ ಕೆಲವು ಹೊಲಿಗೆಗಳವರೆಗೆ ಮೇಜಿನ ಮೇಲೆ ಚಪ್ಪಟೆಯಾಗಿ ಬಿದ್ದಿದ್ದ ಕಾಗದ, ಮುಂಗೊನೆಯ ಕಡೆಯ ದಾರವನ್ನು ಎಳೆದೊಡನೆ ತಾನಾಗಿಯೇ ಮೇಲೆದ್ದು, ಹೊಟ್ಟೆ ಉಬ್ಬಿ, ಮೂತಿ ಚೂಪಾಗಿ ದೋಣಿಯಾಯಿತು. ಪ್ಲೈವುಡ್ ಹಾಳೆಯೂ ಹೀಗೆಯೇ. ಅದು ಒಂದು ದಿಕ್ಕಿಗೆ ಬಾಗೀತೇ ಹೊರತು ಏಕಕಾಲದಲ್ಲಿ ಎರಡು ದಿಕ್ಕಿಗೆ ಬಾಗಲಾರದು. ಆದುದರಿಂದ ಅಂಚಿನ ರೇಖೆಯನ್ನು ಸರಿಯಾಗಿ ಕತ್ತರಿಸಿದ್ದಾದರೆ, ಆ ಅಂಚುಗಳನ್ನು ಒಂದಕ್ಕೊಂದು ತಾಗಿಸಿದ ಕ್ಷಣದಲ್ಲಿ ಮರಕ್ಕೆ ಬೇರೆ ಆಕಾರವನ್ನು ತಾಳುವ ದಾರಿಯೇ ಇರುವುದಿಲ್ಲ. ಸಾಂಪ್ರದಾಯಿಕ ಬಡಗಿಯು ಮೊದಲು ಅಡಿಮರವನ್ನಿಟ್ಟು, ಪಕ್ಕೆಲುಬುಗಳನ್ನು ನಿಲ್ಲಿಸಿ, ಅನಂತರ ಒಂದೊಂದೇ ಹಲಗೆಯನ್ನು ಕೆತ್ತಿ ಕೂರಿಸುವ ವರ್ಷಾನುಗಟ್ಟಲೆಯ ಪರಿಣತಿಯೆಲ್ಲವೂ ಇಲ್ಲಿ ಆ ಒಂದು ರೇಖೆಯೊಳಗೆ ಅಡಗಿದೆ.

ರೇಖೆಯನ್ನು ಎಳೆಯುವ ಕ್ರಮವೂ ಸರಳ. ನಕ್ಷೆಯಲ್ಲಿ ಕೊಟ್ಟ ಅಳತೆಗಳನ್ನು ಹಾಳೆಯ ಮೇಲೆ ಬಿಂದುಗಳಾಗಿ ಗುರುತಿಸಿ, ಬಿಂದುವಿಗೊಂದು ಸಣ್ಣ ಮೊಳೆ ಹೊಡೆದು, ಮೊಳೆಗಳಿಗೆ ಆತುಕೊಳ್ಳುವಂತೆ ತೆಳುವಾದ ಮರದ ಪಟ್ಟಿಯೊಂದನ್ನು ಬಾಗಿಸಿ ಗೆರೆ ಹಾಕಬೇಕು. ಗರಗಸದಲ್ಲಿ ಕೊಯ್ದು, ಜೋಡಿ ಹಲಗೆಗಳನ್ನು ಒಂದರ ಮೇಲೊಂದಿಟ್ಟು ಉಜ್ಜುಗೊರಡಿನಿಂದ ಒಟ್ಟಿಗೇ ಸಮಮಾಡಿದರೆ ಎಡಬಲಗಳು ತಪ್ಪದೆ ಹೊಂದುತ್ತವೆ. ಅಂಚಿನುದ್ದಕ್ಕೂ ಸುಮಾರು ಅರ್ಧ ಅಡಿಗೊಂದರಂತೆ ರಂಧ್ರ ಕೊರೆದು, ಗೇಣುದ್ದದ ತಂತಿಗಳನ್ನು ಪೋಣಿಸಿ, ಹೊರಗಡೆಯಿಂದ ಇಕ್ಕಳದಲ್ಲಿ ತಿರುಚಬೇಕು. ಮೊದಲು ಸಡಿಲವಾಗಿ, ಎಲ್ಲವೂ ಕೂಡಿದ ಮೇಲೆ ಬಿಗಿಯಾಗಿ. ಇಕ್ಕಳ ಒಂದು ಸುತ್ತು ಹೆಚ್ಚು ತಿರುಗಿದರೆ ತಂತಿ ತುಂಡಾಗುತ್ತದೆ, ಇಲ್ಲವೆ ಹಲಗೆಯ ಮೇಲ್ಪದರವನ್ನು ಸೀಳುತ್ತದೆ. ಸಾಕೆನ್ನುವುದನ್ನು ಬೆರಳೇ ಕಲಿಯಬೇಕು. ಆಮೇಲೆ ಮೂಲೆಯಿಂದ ಮೂಲೆಗೆ ದಾರ ಹಿಡಿದು, ಎರಡು ಕರ್ಣಗಳೂ ಸಮವಾಗಿವೆಯೇ ಎಂದು ನೋಡದೆ ಅಂಟನ್ನು ಕಲಸತಕ್ಕದ್ದಲ್ಲ: ಸೊಟ್ಟಗಾದ ದೋಣಿ ಗಟ್ಟಿಯಾದ ಮೇಲೆ ಜನ್ಮಾಂತ್ಯದವರೆಗೂ ಸೊಟ್ಟಗೇ ಸಾಗುತ್ತದೆ.

ಉಳಿದುದು ಅಂಟಿನ ಕೆಲಸ. ಎಪಾಕ್ಸಿಗೆ ನಯವಾದ ಮರದ ಹೊಟ್ಟನ್ನು ಬೆರೆಸಿ ಗಟ್ಟಿಯಾದ ಹಿಟ್ಟಿನಂತೆ ಮಾಡಿ, ಒಳಗಿನ ಸಂದುಗಳಿಗೆ ಮೆತ್ತಿ, ಅದರ ಮೇಲೆ ಗಾಜಿನ ನಾರಿನ ಪಟ್ಟಿಯನ್ನು ಹಾಸಿ ಮತ್ತೆ ಎಪಾಕ್ಸಿಯನ್ನು ಕುಡಿಸುತ್ತಾರೆ. ಅದು ಗಟ್ಟಿಯಾದ ಮೇಲೆ ತಂತಿಗಳನ್ನು ಕಿತ್ತು, ದೋಣಿಯನ್ನು ಬೋರಲು ಹಾಕಿ, ಹೊರಗಿನ ಏಣುಗಳನ್ನು ಉಪ್ಪುಕಾಗದದಿಂದ ಉಜ್ಜಿ ಅಲ್ಲಿಗೂ ಪಟ್ಟಿಯನ್ನು ಹಾಸಿದರೆ ಒಡಲು ಸಿದ್ಧ. ನಮ್ಮ ಚೈತ್ರ ವೈಶಾಖಗಳ ಬಿಸಿಲಿನಲ್ಲಿ ಎಪಾಕ್ಸಿ ಬಟ್ಟಲಿನಲ್ಲಿಯೇ ಬಿಸಿಯೇರಿ ಕಲ್ಲಾಗಿಬಿಡುವುದರಿಂದ, ಬೆಳಗಿನ ತಂಪಿನಲ್ಲಿ ಸ್ವಲ್ಪಸ್ವಲ್ಪವಾಗಿ ಕಲಸಿಕೊಳ್ಳುವುದು ಲೇಸು.

ಹಲಗೆಯ ವಿಷಯದಲ್ಲಿ ಮಾತ್ರ ಜಿಪುಣತನ ಕೂಡದು. ಬಾಗಿಲು ಬೀರುಗಳ ಪ್ಲೈವುಡ್ ಬೇರೆ, ನೀರಿನದು ಬೇರೆ. ಐಎಸ್ 710 ಎಂಬ ಗುರುತಿನ ಮೆರೈನ್ ಪ್ಲೈವುಡ್ಡಿನ ಪದರಗಳನ್ನು ಫೀನಾಲ್ ಫಾರ್ಮಾಲ್ಡಿಹೈಡ್ ಅಂಟಿನಿಂದ ಬೆಸೆದಿರುತ್ತಾರೆ. 72 ಗಂಟೆಗಳ ಕಾಲ ನೀರಿನಲ್ಲಿ ಕುದಿಸಿದರೂ ಪದರ ಬಿಡಬಾರದೆಂಬುದು ಅದಕ್ಕೊಡ್ಡುವ ಪರೀಕ್ಷೆ. ಅಷ್ಟಾಗಿಯೂ ಕೊಯ್ದ ಅಂಚು ನೀರನ್ನು ಹೀರುತ್ತದೆಯಾದ್ದರಿಂದ ಅಂಚುಗಳಿಗೆಲ್ಲ ಎಪಾಕ್ಸಿಯ ಲೇಪ ಅವಶ್ಯ.

ಎಂಟಡಿಗೆ ನಾಲ್ಕಡಿಯ ಎರಡೇ ಹಾಳೆಗಳಲ್ಲಿ ಮಕ್ಕಳಿಗೊಂದು ಹಾಯಿದೋಣಿಯಾಗಬೇಕೆಂದು ಅಮೆರಿಕದ ಕ್ಲಾರ್ಕ್ ಮಿಲ್ಸ್ 1947ರಲ್ಲಿ ರೂಪಿಸಿದ ‘ಆಪ್ಟಿಮಿಸ್ಟ್’ ಇಂದು ಜಗತ್ತಿನ ಮಕ್ಕಳೆಲ್ಲ ಹಾಯಿ ಹಿಡಿಯಲು ಕಲಿಯುವ ದೋಣಿ. ನಮ್ಮ ದಕ್ಷಿಣದಲ್ಲಿಯೇ, ಕನ್ಯಾಕುಮಾರಿ ಜಿಲ್ಲೆಯ ಮುಟ್ಟಂನಲ್ಲಿ, ಕಟ್ಟುಮರಕ್ಕೆ ಬೇಕಾದ ದಿಮ್ಮಿಗಳು ದುರ್ಲಭವಾದ ಕಾಲದಲ್ಲಿ, ಬೆಲ್ಜಿಯಂ ಮೂಲದ ಪಿಯರ್ ಜಿಲೆಯವರ ಪ್ರಯತ್ನದಿಂದ ಪ್ಲೈವುಡ್ ದೋಣಿಗಳು ಬೆಸ್ತರ ಕೈಸೇರಿದುವು. ವಿನೋದಕ್ಕೆಂದು ಹುಟ್ಟಿದ ವಿದ್ಯೆ ಅಲ್ಲಿ ಅನ್ನದ ವಿದ್ಯೆಯಾಯಿತು.

ಇನ್ನು ನಮ್ಮ ಊರಿನ ಮಾತು. ಚಿನ್ನ ತೆಗೆಯಲೆಂದು ಜಾನ್ ಟೇಲರ್ ಕಂಪನಿ 1880ರಲ್ಲಿ ಇಲ್ಲಿಗೆ ಕಾಲಿಟ್ಟಂದಿನಿಂದ, ಕೋಲಾರದ ಚಿನ್ನದ ಗಣಿಯೂರಾದ ಕೆ.ಜಿ.ಎಫ್. ಎಂಬುದು ಕೈಕೆಲಸದವರ ಊರು. 1902ರಲ್ಲಿಯೇ ಶಿವನಸಮುದ್ರದ ವಿದ್ಯುತ್ತನ್ನು ಕಂಡ ಈ ಗಣಿಗಳಲ್ಲಿ, ಮೂರು ಕಿಲೋಮೀಟರಿಗೂ ಆಳದಲ್ಲಿ ಬಂಡೆ ಕುಸಿಯದಂತೆ ಮರದ ಆಸರೆಗಳನ್ನು ಕೂರಿಸಿದ ಬಡಗಿಗಳೂ, ಕೂದಲೆಳೆಯ ವ್ಯತ್ಯಾಸಕ್ಕೆ ಒಪ್ಪದ ಫಿಟ್ಟರುಗಳೂ, ತಂತಿಯ ಕೆಲಸವನ್ನು ಕರಗತ ಮಾಡಿಕೊಂಡ ವಿದ್ಯುತ್ ಕರ್ಮಿಗಳೂ ತಲೆಮಾರುಗಟ್ಟಲೆ ದುಡಿದರು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದುವು. ಅವರ ಮಕ್ಕಳು ಮೊಮ್ಮಕ್ಕಳು ಮುಂಜಾನೆಯ ರೈಲು ಹಿಡಿದು ಬೆಂಗಳೂರಿಗೆ ಹೋಗಿ ರಾತ್ರಿ ಹಿಂದಿರುಗುತ್ತಾರೆ. ಕೈಯ ಕಸುಬನ್ನು ಹೇಳಿಕೊಡುವುದಕ್ಕಾಗಲಿ ಕಲಿಯುವುದಕ್ಕಾಗಲಿ ಆ ಮನೆಗಳಲ್ಲಿ ಹೊತ್ತಿಲ್ಲ.

ದೋಣಿಯನ್ನು ತೇಲಿಸಲು ನೀರಿಲ್ಲವೆನ್ನುವಂತೆಯೂ ಇಲ್ಲ. ಬಾಣ ಅರಸರ ಕಾಲದಲ್ಲಿ ವಿಜಯಾದಿತ್ಯಮಂಗಲವೆನಿಸಿದ್ದ ಬೇತಮಂಗಲದಲ್ಲಿ, ಪಾಲಾರಿಗೆ ಅಡ್ಡಲಾಗಿ ಕಟ್ಟಿದ ಆ ವಿಶಾಲವಾದ ಕೆರೆಯೇ ಗಣಿಯೂರಿಗೆ ಕುಡಿಯುವ ನೀರನ್ನು ಕೊಟ್ಟಿತು. ಎಷ್ಟೋ ವರ್ಷ ಒಣಗಿದ್ದರೂ ಒಳ್ಳೆಯ ಮಳೆ ಬಂದಾಗ ಅದು ತುಂಬುತ್ತದೆ. ಇಲ್ಲಿಯ ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿಯೋ ಪ್ರೌಢಶಾಲೆಯಲ್ಲಿಯೋ ಆಪ್ಟಿಮಿಸ್ಟಿನಂಥ ಒಂದು ದೋಣಿಯನ್ನು ವಿದ್ಯಾರ್ಥಿಗಳಿಂದ ಕಟ್ಟಿಸಬಾರದೇಕೆ? ಮುಳುಗದಂತೆ ಒಳಗೆ ಗಾಳಿಪೆಟ್ಟಿಗೆಗಳಿರಲಿ, ಮಕ್ಕಳಿಗೆ ಲೈಫ್ ಜಾಕೆಟ್ ಇರಲಿ, ಕೆರೆಗೆ ಇಳಿಸಲು ಬೇಕಾದ ಅನುಮತಿಯನ್ನು ಹಿರಿಯರು ಪಡೆಯಲಿ. ಜ್ಯಾಮಿತಿಯ ಪಾಠ, ಮರದ ಪಾಠ, ಗಾಳಿಯ ಪಾಠ ಮೂರೂ ಅದರಲ್ಲಿಯೇ ಆಗಿಹೋಗುತ್ತವೆ. ಗಣಿಯ ಕಾರ್ಯಾಗಾರಗಳಲ್ಲಿ ದುಡಿದು ನಿವೃತ್ತರಾದ ಹಿರಿಯರು ಚಾಂಪಿಯನ್ ರೀಫ್ಸ್, ಊರ್ಗಾಂ, ಮಾರಿಕುಪ್ಪಂಗಳ ಕಾರ್ಮಿಕರ ಸಾಲುಮನೆಗಳಲ್ಲಿ ಇನ್ನೂ ಇದ್ದಾರೆ. ಅವರಿಗೆ ವಯಸ್ಸಾಗುತ್ತಿದೆ, ಇಕ್ಕಳ ಹಿಡಿದು ಹುಡುಗರ ಪಕ್ಕದಲ್ಲಿ ಕೂರಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.